ಯಲ್ಲಮ್ಮನಗುಡ್ಡದ ಚಕ್ಕಡಿ ಯಾತ್ರೆ

ಯಲ್ಲಮ್ಮನಗುಡ್ಡದ ಚಕ್ಕಡಿ ಯಾತ್ರೆಯು ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ರೈತಾಪಿ ಕುಟುಂಬಗಳಲ್ಲಿ ರೂಢಿಯಲ್ಲಿರುವ ಒಂದು ಪದ್ಧತಿ. ಮಳೆಗಾಲ ಮುಗಿದ ಮೇಲೆ ಈ ಕುಟುಂಬಗಳು ಎತ್ತಿನ ಚಕ್ಕಡಿಯಲ್ಲಿ, ಈಚಿನ ದಶಕಗಳಲ್ಲಿ ಹೆಚ್ಚಾಗಿ ಟ್ರ್ಯಾಕ್ಟರ್‌ ಟ್ರೇಲರಿನಲ್ಲಿ, ಬೆಳಗಾವಿ ಜಿಲ್ಲೆಯ ಸವದತ್ತಿ ಸಮೀಪದ ರೇಣುಕಾ ಯಲ್ಲಮ್ಮ ಕ್ಷೇತ್ರಕ್ಕೆ ಹೋಗಿ, ಬಯಲಿನಲ್ಲಿ ಬಿಡಾರ ಹೂಡಿ, ಒಂದೆರಡು ರಾತ್ರಿ ಕಳೆದು ಹಿಂದಿರುಗುತ್ತವೆ. ಮುನವಳ್ಳಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಭಾಗದ ಗ್ರಾಮೀಣ ಜನರಿಗೆ ಇದು ದೇವರ ಹರಕೆಯೂ ಹೌದು, ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಹೊಲಮನೆಯ ದುಡಿಮೆ ಬಿಟ್ಟು ಹೊರಡುವ ಪ್ರವಾಸವೂ ಹೌದು.

ಕಾಲ

ಗುಡ್ಡದ ಯಾತ್ರೆಯ ದಿನಗಳು ನವರಾತ್ರಿಯಿಂದ ಆರಂಭವಾಗುತ್ತವೆ. ಆಶ್ವಯುಜ ಮಾಸದ ಶೀಗಿ ಹುಣ್ಣಿಮೆ, ಕಾರ್ತಿಕದ ಗೌರಿ ಹುಣ್ಣಿಮೆ, ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ, ಪುಷ್ಯದ ಬನದ ಹುಣ್ಣಿಮೆ, ಮಾಘದ ಭಾರತ ಹುಣ್ಣಿಮೆಗಳಲ್ಲಿ ಜನ ಸೇರುತ್ತಾರೆ. ಕೊನೆಯ ಎರಡರಲ್ಲಿ ದಟ್ಟಣೆ ಹೆಚ್ಚು. ಬಿಡಾರದ ಸುಖ ಬಯಸುವವರಿಗೆ ಮಾತ್ರ ಶರದೃತುವಿನ ಮೊದಲ ಹುಣ್ಣಿಮೆಗಳೇ ಒಳ್ಳೆಯವು. ಎರೆಭೂಮಿಯ ಕೆಸರು ಆರಿ ಚಕ್ಕಡಿಯ ದಾರಿ ಗಟ್ಟಿಯಾಗಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಬದುಗಳಲ್ಲಿ ಹಸಿ ಮೇವು ಸಿಗುತ್ತದೆ. ಹಿಂಗಾರಿ ಜೋಳದ ಬಿತ್ತನೆಗೂ ಸುಗ್ಗಿಗೂ ನಡುವೆ ರೈತನಿಗೆ ಅಷ್ಟಿಷ್ಟು ಬಿಡುವೂ ದೊರೆಯುತ್ತದೆ. ಹುಣ್ಣಿಮೆಯ ಆಯ್ಕೆಗೆ ಧಾರ್ಮಿಕ ಕಾರಣದ ಜೊತೆಗೆ ಒಂದು ಪ್ರಾಯೋಗಿಕ ಅನುಕೂಲವೂ ಇತ್ತು: ದೀಪವಿಲ್ಲದ ದಾರಿಯಲ್ಲಿ ಬೆಳದಿಂಗಳೇ ಬೆಳಕು.

ಚಕ್ಕಡಿ

ಸುಗ್ಗಿಯಲ್ಲಿ ಕಣಿಕೆ, ಗೊಬ್ಬರ ಹೇರುವ ಚಕ್ಕಡಿಯೇ ಯಾತ್ರೆಗೆ ಮನೆಯಾಗುತ್ತದೆ. ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಿ, ಎತ್ತುಗಳಿಗೆ ಲಾಳ ಕಟ್ಟಿಸಿ, ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಗ್ಗಿಸಿ ಅದರ ಮೇಲೆ ಚಾಪೆ ಅಥವಾ ತಾಡಪತ್ರಿ ಹೊದಿಸುತ್ತಾರೆ. ಸವಾರಿಗೆಂದೇ ಹೀಗೆ ಮುಚ್ಚಿದ ಗಾಡಿಯನ್ನು ಕೊಲ್ಲಾರಿ ಬಂಡಿ ಎಂದೂ ಕರೆಯುವುದುಂಟು. ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನೆ, ಕೌದಿ ಹಾಸುತ್ತಾರೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಹಗಲು ಕೂರಲು ಮೆತ್ತೆ, ರಾತ್ರಿ ಹೊದಿಕೆ. ಎತ್ತುಗಳಿಗೆ ಗೆಜ್ಜೆಸರ, ಹಣೆಪಟ್ಟಿ, ಜೂಲು ಹಾಕಿ ಸಿಂಗರಿಸುವುದು ಯಜಮಾನನ ಅಂತಸ್ತಿನ ಪ್ರಶ್ನೆಯೂ ಆಗಿರುವುದರಿಂದ, ಈ ಕೆಲಸಕ್ಕೆ ಮನೆಯವರ ಬಟ್ಟೆಬರೆಗಿಂತ ಹೆಚ್ಚು ಕಾಳಜಿ ಸಲ್ಲುತ್ತದೆ.

ಮನೆಯನ್ನು ಗಾಲಿಯ ಮೇಲಿಟ್ಟುಕೊಂಡು ಹೊರಡುವ ರೂಢಿ ಬೇರೆಡೆಯೂ ಇದೆ. ಯುರೋಪಿನ ರೋಮಾ ಅಲೆಮಾರಿಗಳ ಕುದುರೆ ಬಂಡಿ, ಅಮೆರಿಕದಲ್ಲಿ 1930ರ ದಶಕದಲ್ಲಿ ಜನಪ್ರಿಯವಾದ, ಕಾರಿನ ಹಿಂದೆ ಕಟ್ಟುವ ಹನಿಯಾಕಾರದ ಪುಟ್ಟ ಟ್ರೇಲರ್‌ಗಳು ಇದಕ್ಕೆ ಉದಾಹರಣೆ. ಅವುಗಳಿಗೂ ಚಕ್ಕಡಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಚಕ್ಕಡಿಯನ್ನು ಎಳೆಯುವುದಕ್ಕೂ ಹಸಿವು, ಬಾಯಾರಿಕೆ, ದಣಿವು ಇವೆ. ಯಾತ್ರೆಯ ವೇಗ, ತಂಗುವ ಸ್ಥಳ, ಹೊರಡುವ ಹೊತ್ತು ಎಲ್ಲವನ್ನೂ ಎತ್ತುಗಳೇ ನಿರ್ಧರಿಸುತ್ತವೆ.

ಹಾದಿ ಮತ್ತು ಬಿಡಾರ

ಭಾರ ಹೇರಿದ ಚಕ್ಕಡಿ ತಾಸಿಗೆ ಮೂರು ನಾಲ್ಕು ಕಿಲೋಮೀಟರ್ ಸಾಗುತ್ತದೆ. ಮುನವಳ್ಳಿಯಿಂದ ಗುಡ್ಡಕ್ಕೆ ಒಂದು ದಿನದ ದಾರಿ ಸಾಕು. ಕಿತ್ತೂರಿನಂಥ ದೂರದ ಊರುಗಳವರಿಗೆ ಎರಡು ಮೂರು ದಿನ ಹಿಡಿಯುತ್ತದೆ. ನಸುಕಿನಲ್ಲಿ ಹೊರಟು, ಬಿಸಿಲೇರಿದಾಗ ನೆರಳು ನೋಡಿ ಕೊಳ್ಳ ಹರಿದು, ಅಂದರೆ ಎತ್ತುಗಳನ್ನು ನೊಗದಿಂದ ಬಿಚ್ಚಿ, ಇಳಿಹೊತ್ತಿನಲ್ಲಿ ಮತ್ತೆ ಹೂಡುವುದು ಕ್ರಮ. ಒಂದೂರಿನ ಚಕ್ಕಡಿಗಳು ಸಾಲಾಗಿ ಹೋಗುತ್ತವೆ. ಒಂದರ ಗಾಲಿ ಕೆಟ್ಟರೆ ಉಳಿದವೂ ನಿಲ್ಲುತ್ತವೆ.

ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಮೈತೊಳೆಯಲು ಅನುಕೂಲವಿದೆ. ಅಲ್ಲಿಂದ ಸವದತ್ತಿಯತ್ತ ಸಾಗಿದರೆ ನವಿಲುತೀರ್ಥದ ಬಳಿ ನದಿಗೆ ಅಡ್ಡಲಾಗಿ 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಅಣೆಕಟ್ಟು ಸಿಗುತ್ತದೆ. ಇದರ ಜಲಾಶಯಕ್ಕೆ ದೇವಿಯ ಹೆಸರಿನಿಂದಲೇ ರೇಣುಕಾಸಾಗರ ಎಂದು ಹೆಸರು. ಸವದತ್ತಿಯ ಜೋಗುಳಬಾವಿಯಲ್ಲಿ ಮಿಂದು, ಅಲ್ಲಿನ ಸತ್ಯಮ್ಮನ ದರ್ಶನ ಪಡೆದ ಬಳಿಕ ಭಕ್ತರು ಗುಡ್ಡ ಏರುತ್ತಾರೆ. ಏರುವಲ್ಲಿ ಹೆಂಗಸರು ಮಕ್ಕಳು ಚಕ್ಕಡಿಯಿಂದಿಳಿದು ನಡೆಯುತ್ತಾರೆ. ಇದನ್ನು ಹರಕೆ ಎಂದು ಹೇಳುವವರಿದ್ದಾರೆ; ಎತ್ತುಗಳ ಭಾರ ಕಡಿಮೆಯಾಗುವುದಂತೂ ನಿಜ.

ಗುಡ್ಡದ ಬಯಲಿನಲ್ಲಿ ಚಕ್ಕಡಿ ನಿಲ್ಲಿಸಿ, ನೊಗದ ಕೆಳಗೆ ಊರುಗೋಲು ಕೊಟ್ಟು, ಗೂಟ ಬಡಿದು ಎತ್ತು ಕಟ್ಟಿದರೆ ಬಿಡಾರ ಸಿದ್ಧ. ಮಕ್ಕಳು ಮುದುಕರು ಗಾಡಿಯೊಳಗೆ, ಗಂಡಸರು ಅದರ ಕೆಳಗೆ ಅಥವಾ ಎತ್ತುಗಳ ಪಕ್ಕದಲ್ಲಿ ಮಲಗುತ್ತಾರೆ. ಮಾರ್ಗಶಿರದ ಹೊತ್ತಿಗೆ ಈ ಭಾಗದ ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದರಿಂದ ಬೆಂಕಿಯ ಸುತ್ತ ಕೂರುವುದೇ ಒಂದು ಕೂಟವಾಗುತ್ತದೆ. ಚೌಡಿಕೆಯ ಪದ, ಭಜನೆ ನಡುರಾತ್ರಿಯವರೆಗೂ ನಡೆಯುತ್ತವೆ. ಹಳೆಯ ಪರಿಚಯಗಳು ಕುದುರುತ್ತವೆ, ಎತ್ತಿನ ವ್ಯಾಪಾರದ ಮಾತು ಬರುತ್ತದೆ, ಹೆಣ್ಣುಗಂಡಿನ ಮಾತುಕತೆಗೂ ಇಲ್ಲಿಯೇ ಮೊದಲಾಗುವುದುಂಟು. ಸೊಸೆಯಾದವಳು ತವರಿನವರ ಬಿಡಾರವನ್ನು ಹುಡುಕಿಕೊಂಡು ಹೋಗಿ ಒಂದು ರಾತ್ರಿ ತಾಯಿಯ ಬಳಿ ಮಲಗಿ ಬರುವುದು ಇದೇ ಬಯಲಿನಲ್ಲಿ.

ಈ ಬಯಲಿಗೆ ಇನ್ನೊಂದು ಮುಖವೂ ಇತ್ತು. ಹರಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದುದೂ ಈ ಹುಣ್ಣಿಮೆಗಳಲ್ಲೇ. ಮುಂಬಯಿ ಪ್ರಾಂತ್ಯದ 1934ರ ಕಾಯಿದೆ, ಅನಂತರ ಕರ್ನಾಟಕದ 1982ರ ಕಾಯಿದೆ ಇದನ್ನು ನಿಷೇಧಿಸಿದವು.

ಬುತ್ತಿ ಮತ್ತು ಪಡ್ಡಲಗಿ

ದಾರಿಗೆ ಕಟ್ಟುವ ಬುತ್ತಿ ಕೆಡದಂಥದ್ದಾಗಿರಬೇಕು. ಕಟಿರೊಟ್ಟಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ, ಅಗಸೆ, ಗುರೆಳ್ಳಿನ ಚಟ್ನಿಪುಡಿಗಳು, ಮಾದಲಿ, ಶೇಂಗಾ ಹೋಳಿಗೆ ವಾರ ಕಳೆದರೂ ಬಾಯಿಗೆ ರುಚಿ. ಗುಡ್ಡ ತಲುಪಿದ ಮೇಲೆ ಮಾತ್ರ ಮೂರು ಕಲ್ಲಿನ ಒಲೆ ಹೂಡಿ ಬಿಸಿ ಅಡುಗೆ ಮಾಡುತ್ತಾರೆ. ಕಡುಬು, ಹೋಳಿಗೆ, ಪಲ್ಯ, ಅನ್ನ ಮಾಡಿ ದೇವಿಗೆ ಎಡೆ ಹಿಡಿದು, ಜೋಗತಿಯರ ಪಡ್ಡಲಗಿ ತುಂಬಿಸಿದ ನಂತರವೇ ಬಿಡಾರದವರ ಊಟ. ಪಕ್ಕದ ಬಿಡಾರದವರು ಯಾವ ಊರಿನವರೆಂದು ತಿಳಿಯದಿದ್ದರೂ ಅವರಿಗೊಂದು ಹೋಳಿಗೆ ಹೋಗುತ್ತದೆ.

ಬದಲಾವಣೆ

ಹೊಲಗಳಲ್ಲಿ ಟ್ರ್ಯಾಕ್ಟರ್ ಬಳಕೆ ಹೆಚ್ಚಿ ಎತ್ತು ಸಾಕುವುದು ದುಬಾರಿಯಾದಂತೆ ಚಕ್ಕಡಿಯ ಸಾಲು ಕಿರಿದಾಗಿದೆ. ಟ್ರೇಲರಿನ ಮೇಲೆ ತಾಡಪತ್ರಿಯ ಮಾಡು ಕಟ್ಟಿ ಇಪ್ಪತ್ತು ಮೂವತ್ತು ಮಂದಿ ಒಟ್ಟಿಗೆ ಬರುತ್ತಾರೆ; ಬಿಡಾರ, ಒಲೆ, ಹಾಡು ಹಾಗೆಯೇ ಉಳಿದಿವೆ, ದಾರಿಯ ತಂಗುದಾಣಗಳು ಮಾತ್ರ ಇಲ್ಲವಾಗಿವೆ. ಸರಕಿನ ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಮೋಟಾರು ವಾಹನ ಕಾನೂನಿಗೆ ವಿರುದ್ಧ. ಅದು ಉರುಳಿದರೆ ಒಂದೇ ಊರಿನ, ಒಂದೇ ಮನೆತನದ ಹಲವರು ಒಮ್ಮೆಲೇ ಸಾವುನೋವಿಗೀಡಾಗುವ ಅಪಾಯವಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಬೆಳಿಗ್ಗೆ ಬಂದು ಸಂಜೆ ಮರಳುವುದು ಇನ್ನಷ್ಟು ಸುಲಭವಾಗಿದೆ. ಗಂಡಸರ ಬಿಡುವಿಗೆ ಕಾಯದೆ ಹೆಂಗಸರು ತಾವೇ ಗುಡ್ಡಕ್ಕೆ ಬರುವಂತಾಗಿರುವುದು ಸಣ್ಣ ಮಾತಲ್ಲ.

ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆಗೆ ಎತ್ತಿನ ಗಾಡಿಗಳಲ್ಲಿ ಬರುವ ರೂಢಿ ಈಗಲೂ ಇದೆ. ಸವದತ್ತಿ ಸೀಮೆಯಲ್ಲಿ ಚಕ್ಕಡಿಯ ಸವಾರಿ ಹೆಚ್ಚಾಗಿ ಉಳಿದಿರುವುದು ಶೀಗಿ ಹುಣ್ಣಿಮೆಯ ಚರಗದಲ್ಲಿ. ಅಂದು ರಾತ್ರಿಯಿಡೀ ಮಾಡಿದ ಅಡುಗೆಯನ್ನು ಚಕ್ಕಡಿಯಲ್ಲಿಟ್ಟುಕೊಂಡು ಮನೆಮಂದಿ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಪೈರಿಗೆ ಚರಗ ಚೆಲ್ಲಿ, ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ. ಎತ್ತಿಲ್ಲದವರು ನೆರೆಯವರ ಚಕ್ಕಡಿ ಹತ್ತುತ್ತಾರೆ.