ಪಹಣಿಯ ಪೆಟ್ಟಿಗೆ ಕೆಟ್ಟರೆ

ಬೆಳೆಸಾಲಕ್ಕೆ, ಗಡಿ ತಕರಾರಿಗೆ, ಎಲ್ಲದಕ್ಕೂ ಪಹಣಿ ಬೇಕು. 'ಭೂಮಿ' ಯೋಜನೆಯ ಮೊದಲ ವರ್ಷಗಳಲ್ಲಿ, ಅಂದ್ರೆ 2000ದ ಆಸುಪಾಸು, ಭಟ್ಕಳದ್ದು ಭಟ್ಕಳದಲ್ಲಿ, ಕುಮಟೆಯದ್ದು ಕುಮಟೆಯಲ್ಲಿ, ಆಯಾ ತಾಲೂಕು ಕಚೇರಿಯ ಸರ್ವರ್‌ನಲ್ಲೇ ದಾಖಲೆ. ಆ ಪೆಟ್ಟಿಗೆ ಕೆಟ್ಟರೆ ಬೆಳಿಗ್ಗೆ ಬಸ್ಸು ಹತ್ತಿ ಬಂದವರು ಬರಿಗೈಲಿ ವಾಪಸ್.

ಒಂದು ಯಂತ್ರ ಬಿದ್ದರೆ ಇನ್ನೊಂದು ಹೆಗಲು ಕೊಡಬೇಕು ಅನ್ನೋ ವಿಚಾರ ಹಳೇದೇ; ಡಿಜಿಟಲ್ ಕಂಪನಿಯ ವ್ಯಾಕ್ಸ್‌ಕ್ಲಸ್ಟರ್ 1983ರದ್ದು. ಆದರೆ ಓಡುತ್ತಿರುವ ವರ್ಚುವಲ್ ಮಷೀನನ್ನೇ ಎತ್ತಿ ಪಕ್ಕದ ಸರ್ವರ್‌ಗೆ ಸಾಗಿಸೋದು ಮಾರುಕಟ್ಟೆಗೆ ಬಂದಿದ್ದು 2003ರಲ್ಲಿ, ವಿಎಂವೇರ್‌ನ ವಿಮೋಷನ್ ಜೊತೆ. 2005ರಲ್ಲಿ ಕೇಂಬ್ರಿಜ್, ಕೋಪನ್‌ಹೇಗನ್ ಸಂಶೋಧಕರು ಝೆನ್‌ನಲ್ಲಿ ಇದನ್ನು ಮಾಡಿ, ಹೇಗೆ ಅಂತ ಬಿಡಿಸಿ ಬರೆದರು. ಡಿಸ್ಕ್ ಎರಡೂ ಸರ್ವರ್‌ಗೆ ಸಿಗೋ ಹಾಗೆ ಹೊರಗಿರುತ್ತೆ; ಸಾಗಬೇಕಾದ್ದು ಮುಖ್ಯವಾಗಿ ಮೆಮೊರಿ. ಕೆಲಸ ನಡೀತಿರುವಾಗಲೇ ಒಂದು ಸುತ್ತು ನಕಲು. ಅಷ್ಟರಲ್ಲಿ ಬದಲಾದ ಪುಟಗಳಿಗೆ ಇನ್ನೊಂದು ಸುತ್ತು. ಚೂರೇ ಚೂರು ಉಳಿದಾಗ ಇಲ್ಲಿ ನಿಲ್ಲಿಸಿ ಅಲ್ಲಿ ಎಬ್ಬಿಸೋದು. ಜನ ಆಡುತ್ತಿದ್ದ ಕ್ವೇಕ್ ಆಟದ ಸರ್ವರ್ ನಿಂತಿದ್ದು ಬರೀ 60 ಮಿಲಿಸೆಕೆಂಡ್!

ಇದನ್ನೇ ಹೈ ಅವೈಲಬಿಲಿಟಿ ಅಂತ ಮಾರೋರನ್ನ ಕಂಡ್ರೆ ನಂಗೆ ಸಿಟ್ಟು. ಲೈವ್ ಮೈಗ್ರೇಶನ್‌ಗೆ ಹಳೇ ಸರ್ವರ್ ಜೀವಂತ ಇರಬೇಕು. ಹೇಳಿ ಕೇಳಿ ಮಾಡೋ ರಿಪೇರಿಗೆ ಅದು. ಸರ್ವರ್ ಏಕಾಏಕಿ ಸತ್ತರೆ ಮೆಮೊರಿಯೂ ಹೋಯ್ತು. 2006ರಲ್ಲಿ ವಿಎಂವೇರ್ ತಂದ ಎಚ್‌ಎ, ಹಾರ್ಟ್‌ಬೀಟ್ ನಿಂತಿದ್ದನ್ನು ನೋಡಿ ಆ ಮಷೀನನ್ನು ಬೇರೆ ಸರ್ವರ್‌ನಲ್ಲಿ ಮತ್ತೆ ಬೂಟ್ ಮಾಡುತ್ತೆ, ಅಷ್ಟೇ. ಅರ್ಧ ಟೈಪಾದ ಅರ್ಜಿ ಮೊದಲಿಂದ.

ಭೂಮಿ ದಾಖಲೆಗಳು ಆಮೇಲೆ ಬೆಂಗಳೂರಿನ ಡೇಟಾ ಸೆಂಟರ್ ಸೇರಿದವು. ಅಲ್ಲಿ ಎಷ್ಟು ಸರ್ವರ್ ಜೋಡಿಸಿಟ್ಟರೂ, ಆಷಾಢದ ಗಾಳಿಗೆ ಮರ ಬಿದ್ದು ಕೇಬಲ್ ಹರಿದರೆ ಹೊನ್ನಾವರದ ಕೌಂಟರಿನಲ್ಲಿ ಪಹಣಿ ಇಲ್ಲ.