ಮಿಲ್ಲಿನ ಸೈರನ್ ಕೂಗುತ್ತಿದ್ದ ಬೆಂಗಳೂರು

ರಜೆಗೆಂದು ಬೆಂಗಳೂರಿಗೆ ಹೋಗುವ ನಮ್ಮ ಆಬರ್ನ್ ಹಿಲ್ಸಿನ ಮಕ್ಕಳಿಗೆ ಮಲ್ಲೇಶ್ವರದ ಸಂಪಿಗೆ ರಸ್ತೆಯೆಂದರೆ ಮಂತ್ರಿ ಮಾಲ್. ಅದು ಎದ್ದಿರುವುದು ಹಳೆಯ ರಾಜಾ ಮಿಲ್ಲಿನ ನೆಲದ ಮೇಲೆ ಎಂದರೆ ಅವರು ನಂಬುವುದು ಕಷ್ಟ.

ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಆ ಮಿಲ್ಲು ಹುಟ್ಟಿದ್ದು 1884ರಲ್ಲಿ. ಅದೇ ವರ್ಷ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲೂ ಸ್ಥಾಪನೆಯಾಯಿತು. ಎರಡು ವರ್ಷದಲ್ಲಿ ಅದು ಮದರಾಸಿನ ಬಿನ್ನಿ ಕಂಪನಿಯ ಕೈ ಸೇರಿ, ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು, ಬಡಾವಣೆ ಬಿನ್ನಿಪೇಟೆಯಾಯಿತು. ಸೈನ್ಯಕ್ಕೆ ಖಾಕಿ ಬಟ್ಟೆ, ಕಂಬಳಿ ಹೋಗುತ್ತಿದ್ದುದು ಇಲ್ಲಿಂದಲೇ.

ಒಳಗೆ ದುಡಿಯುವವನ ಕೆಲಸವೇನು? ರಿಂಗ್ ಫ್ರೇಮಿನಲ್ಲಿ ನೂರಾರು ಕದಿರುಗಳು ಒಟ್ಟಿಗೆ ತಿರುಗುತ್ತವೆ. ಯಂತ್ರವನ್ನು ನಿಲ್ಲಿಸದೆ, ಸಾಲಿನುದ್ದಕ್ಕೂ ನಡೆಯುತ್ತಾ, ಹರಿದ ಎಳೆಯನ್ನು ಬೆರಳ ತುದಿಯಲ್ಲಿ ಕ್ಷಣಾರ್ಧದಲ್ಲಿ ಕೂಡಿಸಬೇಕು. ಒಂದನ್ನು ಕೂಡಿಸುವಷ್ಟರಲ್ಲಿ ಇನ್ನೊಂದು ಹರಿದಿರುತ್ತದೆ. ಪಾಳಿ ಮುಗಿಯುವವರೆಗೂ ಕೂರುವ ಮಾತಿಲ್ಲ. ಗಾಳಿ ಒಣಗಿದರೆ ನೂಲು ತುಂಡಾಗುತ್ತದೆಂದು ಶೆಡ್ಡಿನಲ್ಲಿ ಸದಾ ತೇವ. ನೂಲಿಗೆ ಹಿತ, ಮನುಷ್ಯನಿಗೆ ಬೆವರು! ಮಗ್ಗದ ಶೆಡ್ಡಿನಲ್ಲೋ ಲಾಳಿಗಳ ಹೊಡೆತಕ್ಕೆ ಮಾತು ಕೇಳಿಸದು, ತುಟಿ ನೋಡಿ ಅರ್ಥಮಾಡಿಕೊಳ್ಳಬೇಕು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಸದ್ದಿಗೂ ಧೂಳಿಗೂ ಗಡಿಯಾರದ ಮಿತಿ ಎಲ್ಲಿಯದು?

ಹತ್ತಿಯನ್ನು ಬಿಡಿಸುವ ಬ್ಲೋ ರೂಮು, ಕಾರ್ಡಿಂಗ್ ವಿಭಾಗಗಳಲ್ಲಿ ಧೂಳು ಹೆಚ್ಚು. ಅಲ್ಲಿಯವರಿಗೆ ಭಾನುವಾರದ ರಜೆ ಮುಗಿಸಿ ಸೋಮವಾರ ಬಂದೊಡನೆ ಎದೆ ಬಿಗಿಯುತ್ತಿತ್ತು. ಮಂಗಳವಾರ, ಬುಧವಾರಕ್ಕೆ ಸಡಿಲ. ವರ್ಷಗಳು ಕಳೆದಂತೆ ಸೋಮವಾರದ ಬಿಗಿತ ವಾರವಿಡೀ ಉಳಿಯುತ್ತಿತ್ತು. ವೈದ್ಯಶಾಸ್ತ್ರ ಇದನ್ನು ಬಿಸಿನೋಸಿಸ್ ಎನ್ನುತ್ತದೆ. ಮನೆಯವರು ಬೀಡಿಯ ಕೆಮ್ಮೆಂದು ಬೈಯುವುದು ಸುಲಭವಾಗಿತ್ತು.

ಬೆಂಗಳೂರಿನ ಇನ್ನೊಂದು ಮಿಲ್ಲು ಮಿನರ್ವಾ. 1971ರಲ್ಲಿ ಕೇಂದ್ರ ಸರಕಾರ ಅದರ ಆಡಳಿತ ವಹಿಸಿಕೊಂಡಿತು, 1974ರಲ್ಲಿ ಅದು ರಾಷ್ಟ್ರೀಕರಣವಾಯಿತು. ಆ ವ್ಯಾಜ್ಯದಲ್ಲೇ 1980ರಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರ ಸಂಸತ್ತಿಗಿಲ್ಲವೆಂದು ಮತ್ತೊಮ್ಮೆ ಸಾರಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಮಿನರ್ವಾ ಹೆಸರನ್ನು ಬಲ್ಲರು. ಅಲ್ಲಿ ಎಳೆ ಕೂಡಿಸಿದ ಕೈಗಳನ್ನು ಬಲ್ಲವರು ಕಡಿಮೆ.

ಈಗ ಬಿನ್ನಿ ಮಿಲ್ಲಿನ ಜಾಗದಲ್ಲೂ ಅಪಾರ್ಟ್‌ಮೆಂಟುಗಳೆದ್ದಿವೆ. ಮುಂದಿನ ಸಲ ಊರಿಗೆ ಹೋದಾಗ ಬಿನ್ನಿಪೇಟೆ, ಮಾಗಡಿ ರಸ್ತೆಯ ಕಡೆ ಯಾರಾದರೂ ಹಿರಿಯರು ಅಗತ್ಯಕ್ಕಿಂತ ಜೋರಾಗಿ ಮಾತನಾಡಿದರೆ, "ಮಿಲ್ಲಿನಲ್ಲಿ ಯಾವ ಡಿಪಾರ್ಟ್‌ಮೆಂಟಿನಲ್ಲಿದ್ರಿ ಯಜಮಾನ್ರೆ?" ಎಂದು ಕೇಳಿನೋಡಿ.