ಪ್ರಶ್ನೆ ಕೇಳುವ ಹಕ್ಕು

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ದೀರ್ಘ ಲೇಖನ ಪ್ರಕಟಿಸಿದರು. ಆಟಿಸಂ ಕುರಿತ ಸಂಶೋಧನೆಗೆ ಬಹುಮಟ್ಟಿಗೆ ಅದೇ ತಳಪಾಯ. ಆ ಮಕ್ಕಳ ಮಾತು, ಆಟ, ಹಟ, ನೆನಪಿನ ಶಕ್ತಿ ಎಲ್ಲವೂ ಅದರಲ್ಲಿವೆ. ಆದರೆ ಅವೆಲ್ಲ ವೈದ್ಯರು ಕಂಡದ್ದು, ತಂದೆತಾಯಿ ಹೇಳಿದ್ದು. ಮಕ್ಕಳು ಚಿಕ್ಕವರು, ಅವರನ್ನು ಕೇಳಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ. ಅಂಥ ಮಕ್ಕಳು ಬೆಳೆದು ದೊಡ್ಡವರಾದ ಮೇಲೂ ಬಹಳ ಕಾಲ ಅವರನ್ನು ಕೇಳುವವರಿರಲಿಲ್ಲ ಎಂಬುದು ಮಾತ್ರ ಯೋಚಿಸಬೇಕಾದ ಸಂಗತಿ.

ಮುಂದಿನ ಎರಡು ದಶಕ ತಾಯಂದಿರ ಪಾಲಿಗೆ ಕೆಟ್ಟ ಕಾಲ. ತಾಯಿಯ ಮಮತೆ ಸಾಲದ್ದರಿಂದಲೇ ಮಗು ಹೀಗಾಯಿತು ಎಂಬ ವಾದ ಹಬ್ಬಿತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಬರೆದ ಪುಸ್ತಕ ಅದಕ್ಕೆ ಇನ್ನಷ್ಟು ಪ್ರಚಾರ ಕೊಟ್ಟಿತು. ಈ ವಾದವನ್ನು ಅದಕ್ಕೂ ಮೊದಲೇ, 1964ರಲ್ಲಿ, ಪುರಾವೆಗಳೊಂದಿಗೆ ಅಲ್ಲಗಳೆದವರು ಬರ್ನಾರ್ಡ್ ರಿಮ್ಲಂಡ್. ಅವರು ಮನಶ್ಶಾಸ್ತ್ರಜ್ಞ, ಆಟಿಸಂ ಇರುವ ಮಗನ ತಂದೆ ಕೂಡ. ಮರುವರ್ಷ ಅಮೆರಿಕದಲ್ಲಿ ಪೋಷಕರ ಸಂಘ ಹುಟ್ಟಿತು. ಕಟಕಟೆಯಲ್ಲಿ ನಿಂತಿದ್ದ ಪೋಷಕರು ಹೋರಾಡಿ ವೈದ್ಯರ ಎದುರಿನ ಕುರ್ಚಿ ಪಡೆದರು. ಅದು ನ್ಯಾಯವಾದ ಗೆಲುವು. ಆದರೆ ಯಾರ ಬಗ್ಗೆ ಮಾತುಕತೆ ನಡೆಯುತ್ತಿತ್ತೋ ಅವರಿಗೆ ಅಲ್ಲಿ ಇನ್ನೂ ಜಾಗವಿರಲಿಲ್ಲ.

1992ರಲ್ಲಿ ಜಿಮ್ ಸಿಂಕ್ಲೇರ್ ಮತ್ತು ಗೆಳೆಯರು ಆಟಿಸಂ ನೆಟ್‌ವರ್ಕ್ ಇಂಟರ್‌ನ್ಯಾಷನಲ್ ಎಂಬ ಸಂಘಟನೆ ಕಟ್ಟಿದರು. ಅದನ್ನು ನಡೆಸುವವರು ಆಟಿಸಂ ಇರುವವರೇ. ಮರುವರ್ಷ ಟೊರಾಂಟೋದ ಸಮ್ಮೇಳನದಲ್ಲಿ ಸಿಂಕ್ಲೇರ್ ಪೋಷಕರನ್ನೇ ಉದ್ದೇಶಿಸಿ ಮಾತಾಡಿದರು. ನೀವು ದುಃಖಿಸುತ್ತಿರುವುದು ನಿಮ್ಮ ಕಲ್ಪನೆಯ ಮಗುವಿಗಾಗಿ. ಇರುವ ಮಗು ನಿಮ್ಮನ್ನು ಕಾಯುತ್ತಿದೆ ಎಂಬುದು ಆ ಮಾತಿನ ಸಾರ.

ಸಂಶೋಧನೆಯೊಳಗೇ ಈ ಬದಲಾವಣೆ ಹೇಗೆ ಬಂತು ಎಂಬುದಕ್ಕೆ ಕೆನಡಾದ ಮಿಶೆಲ್ ಡಾಸನ್ ಒಳ್ಳೆಯ ಉದಾಹರಣೆ. ಮನೆಮನೆಗೆ ಅಂಚೆ ಹಂಚುತ್ತಿದ್ದ ಆಕೆಗೆ ಆಟಿಸಂ ಇದೆ. ತೀವ್ರ ವರ್ತನಾ ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸಬೇಕೆಂದು ಪೋಷಕರು ಹೂಡಿದ್ದ ಮೊಕದ್ದಮೆ 2004ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿಗೆ ಬಂದಾಗ, ಆ ಚಿಕಿತ್ಸೆಯ ನೈತಿಕತೆಯನ್ನೇ ಪ್ರಶ್ನಿಸಿ ಆಕೆ ಮಧ್ಯಪ್ರವೇಶ ಮಾಡಿದರು. ಮಾಂಟ್ರಿಯಲ್‌ನ ವಿಜ್ಞಾನಿ ಲೋರಾಂ ಮೊಟ್ರಾನ್ ತಮ್ಮ ಬರಹಗಳನ್ನು ಓದಲು ಕೊಟ್ಟಾಗ ಆಕೆ ಹಿಡಿದ ತಪ್ಪುಗಳನ್ನು ಕಂಡು ಬೆರಗಾಗಿ ತಮ್ಮ ತಂಡಕ್ಕೆ ಸೇರಿಸಿಕೊಂಡರು. 2007ರಲ್ಲಿ ಡಾಸನ್ ಮೊದಲ ಲೇಖಕಿಯಾಗಿ ಬಂದ ಅಧ್ಯಯನ ಸರಳವಾದದ್ದು: ಅದೇ ಮಕ್ಕಳಿಗೆ ಎರಡು ಬಗೆಯ ಬುದ್ಧಿ ಪರೀಕ್ಷೆ. ಮಾತಿನ ಬಲ ಬೇಡುವ ವೆಕ್ಸ್ಲರ್ ಪರೀಕ್ಷೆಗಿಂತ ಚಿತ್ರವಿನ್ಯಾಸಗಳ ರೇವನ್ ಪರೀಕ್ಷೆಯಲ್ಲಿ ಅವರು ಸರಾಸರಿ 30 ಪರ್ಸೆಂಟೈಲ್‌ನಷ್ಟು ಮೇಲಿದ್ದರು, ಕೆಲವರು 70ಕ್ಕೂ ಹೆಚ್ಚು. ಮಕ್ಕಳು ಬದಲಾಗಿರಲಿಲ್ಲ, ಅಳತೆಗೋಲು ಬದಲಾಗಿತ್ತು.

ಹಣ ಎತ್ತ ಹರಿಯಬೇಕು ಎಂಬುದೂ ಇಂಥದ್ದೇ ಪ್ರಶ್ನೆ. 2014ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದ ಪ್ರಕಾರ ಅಲ್ಲಿನ ಆಟಿಸಂ ಸಂಶೋಧನಾ ಅನುದಾನದಲ್ಲಿ 56% ಜೀವಶಾಸ್ತ್ರ, ಮೆದುಳು ಮತ್ತು ಗ್ರಹಿಕೆಯ ಅಧ್ಯಯನಕ್ಕೆ ಹೋಗಿತ್ತು. ಆಟಿಸಂ ಇರುವವರೂ ಅವರ ಮನೆಯವರೂ ಕೇಳಿದ್ದು ದಿನನಿತ್ಯದ ಬದುಕಿಗೆ ನೆರವಾಗುವ ಸಂಶೋಧನೆ, ಸೇವೆಗಳು. 2021ರ ಆಗಸ್ಟ್‌ನಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳು 10,000 ಜನರ ಡಿಎನ್‌ಎ ಸಂಗ್ರಹಿಸುವ 'ಸ್ಪೆಕ್ಟ್ರಮ್ 10ಕೆ' ಯೋಜನೆ ಆರಂಭಿಸಿದರು. ಈ ಮಾಹಿತಿ ನಾಳೆ ನಮ್ಮಂಥವರು ಹುಟ್ಟದಂತೆ ತಡೆಯಲು ಬಳಕೆಯಾದರೆ ಏನು ಗತಿ ಎಂದು ಆಟಿಸಂ ಇರುವವರು ಕೇಳಿದರು. ಅದು ನಮ್ಮ ಉದ್ದೇಶವಲ್ಲ ಎಂದು ವಿಜ್ಞಾನಿಗಳು ಹೇಳಿದರು. ಆದರೂ ವಾರಗಳೊಳಗೆ ಯೋಜನೆಯನ್ನು ತಡೆಹಿಡಿದು ಸಮಾಲೋಚನೆಗೆ ಇಳಿಯಬೇಕಾಯಿತು. ಮೊದಲು ಕೇಳಬೇಕಾದದ್ದನ್ನು ಕೊನೆಗೆ ಕೇಳಿದಂತಾಯಿತು.

ಇಲ್ಲಿ ಒಂದು ಆಕ್ಷೇಪ ಸಹಜ. ಮಾತೇ ಆಡದ, ಹಗಲಿರುಳು ಆರೈಕೆ ಬೇಕಾದ ಮಕ್ಕಳ ಪರವಾಗಿ ಮಾತು ಬಲ್ಲವರು ಹೇಗೆ ತೀರ್ಮಾನಿಸುತ್ತಾರೆ ಎಂದು ಪೋಷಕರು ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಆ ಮಕ್ಕಳನ್ನು ನಿತ್ಯ ಕಾಣುವವರ ಅನುಭವವೂ ಸಂಶೋಧನೆಗೆ ಬೇಕು. ಆದರೆ ಸಿಂಕ್ಲೇರ್ ಕೂಡ 12ನೇ ವಯಸ್ಸಿನವರೆಗೆ ಮಾತಾಡಿರಲಿಲ್ಲ. ಇವತ್ತು ಮಾತಿಲ್ಲದ ಮಗುವಿಗೆ ಹೇಳುವುದು ಏನೂ ಇಲ್ಲ ಎಂದು ನಾವು ಮೊದಲೇ ನಿರ್ಧರಿಸುವುದು ಹೇಗೆ?

ನಮ್ಮ ದೇಶವೂ ಈ ಚರಿತ್ರೆಯ ಹೊರಗಿಲ್ಲ. ಆಟಿಸಂ ಅನ್ನು ಹೆಸರಿಸಿರುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಕಲಮು, ಮುಕ್ತ ಒಪ್ಪಿಗೆಯಿಲ್ಲದೆ ವಿಕಲಚೇತನರ ಮೇಲೆ ಸಂಶೋಧನೆ ಕೂಡದು ಎನ್ನುತ್ತದೆ. ಜೊತೆಗೆ ಒಂದು ಸಮಿತಿಯ ಪೂರ್ವಾನುಮತಿಯೂ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಸ್ವತಃ ವಿಕಲಚೇತನರು ಅಥವಾ ನೋಂದಾಯಿತ ಸಂಘಟನೆಗಳ ಸದಸ್ಯರಾಗಿರಬೇಕು. ಆ 'ಅಥವಾ' ದೊಡ್ಡ ಬಾಗಿಲು: ಪೋಷಕರ ಸಂಘಗಳೂ ಅದರ ಮೂಲಕ ಬರಬಹುದು, ಆಟಿಸಂ ಇರುವ ಒಬ್ಬರೂ ಇಲ್ಲದೆ ಅರ್ಧದ ಲೆಕ್ಕ ಭರ್ತಿಯಾಗಬಹುದು. ಕ್ಯಾನರ್ ಬರೆದ 11 ಮಕ್ಕಳಿಗೆ ಸಿಗದ ಕುರ್ಚಿಯನ್ನು ನಮ್ಮ ಕಾನೂನು ಹಾಕಿಟ್ಟಿದೆ. ಅದರಲ್ಲಿ ಯಾರು ಕೂರುತ್ತಾರೆ ಎಂದು ನೋಡುತ್ತಿರಬೇಕಾದವರು ನಾವು.